ಕಾಜಿಯಾ ಎಂದು ಯಾರು ಕೂಗಬೇಕು?

ಬೆಟ್ಟದೂರು ತೊಚಿಸವಾದಲ್ಲಿ ಮನುಷ್ಯರ ಹೆಸರಿಗಿಂತ ಮನೆಯ ಹೆಸರಿಗೇ ಬೆಲೆ ಹೆಚ್ಚು. ತೋಫು ಮಾಡುವ ಸೋಕಿಚಿಯನ್ನು ಸೋಕಿಚಿ ಎಂದು ಕರೆಯುವವಳು ಅವನ ಹೆಂಡತಿ ಒಬ್ಬಳೇ, ಅದೂ ಸಿಟ್ಟು ನೆತ್ತಿಗೇರಿದಾಗ. ಮಿಕ್ಕವರಿಗೆಲ್ಲ ಅವನು ‘ತೋಫುಯಾ’, ಎಂದರೆ ತೋಫು ಮನೆಯವ. ಸೇತುವೆಯ ಪಕ್ಕದ ಮನೆಯವರು ‘ಹಶಿಯಾ’. ಮದ್ಯದಂಗಡಿ ಮುಚ್ಚಿ ಒಂದು ತಲೆಮಾರೇ ಕಳೆದಿದ್ದರೂ ಆ ಮನೆಯವರು ಇಂದಿಗೂ ‘ಸಕಾಯಾ’. ಊರಿನ ಅರ್ಧ ಜನಕ್ಕೆ ಒಂದೇ ಕುಲನಾಮ ಇರುವಾಗ ಇನ್ನೇನು ಮಾಡುತ್ತಾರೆ ಪಾಪ.

ಸವಾಕೊಗೆ ಮಾತ್ರ ಅಂಥ ಹೆಸರಿರಲಿಲ್ಲ. ಅವಳು ಒಂದು ವಸಂತದಲ್ಲಿ ಅಕಾಇಶಿ ಶಿಖರಗಳ ಹಿಮ ನೋಡಲು ನಗೋಯಾದಿಂದ ಬಂದವಳು. ಅಂದು ಗುಡಿಯ ಹಳೆಯ ಮರದ ರಂಗದ ಮೇಲೆ ಊರವರ ಕಬುಕಿ ಆಟ ನಡೆದಿತ್ತು. ಹಿಂದಿನ ದಿನ ತನ್ನನ್ನು ಬೆಟ್ಟ ಹತ್ತಿಸಿ ತಂದ ಬಸ್ಸಿನ ಡ್ರೈವರನೇ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ರಾಜಕುಮಾರಿಯಾಗಿ ಗೊಳೋ ಎಂದು ಅಳುತ್ತಿದ್ದ. ಸವಾಕೊ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅವನ ಜೊತೆ ತಾನೂ ಅತ್ತಳು. ಹಿಂತಿರುಗಿ ಹೋದದ್ದು ಸಾಮಾನು ತರುವುದಕ್ಕೆ ಮಾತ್ರ. ಪಾಳುಬಿದ್ದಿದ್ದ ಕಮ್ಮಾರನ ಮನೆಯನ್ನು ಕೊಂಡು, ಮಾಡು ಸರಿಮಾಡಿಸಿ, ಪ್ರವಾಸಿಗರಿಗೆ ತಂಗುಮನೆ ತೆರೆದಳು. ಅಂದಿನಿಂದ ತಲೆಗೂದಲು ನರೆಯುವ ತನಕ ಊರಿಗೆ ಅವಳು ‘ತಂಗುಮನೆಯಾಕೆ’. ಯಾರೂ ಕೆಟ್ಟವರಲ್ಲ. ಮೂಲಂಗಿ ಕೊಡುತ್ತಾರೆ, ಹಿಮ ಬಿದ್ದರೆ ಬಾಗಿಲ ಮುಂದೆ ಬಾಚಿ ಕೊಡುತ್ತಾರೆ. ಹೆಸರು ಮಾತ್ರ ಕೊಡುವುದಿಲ್ಲ.

ಆ ವರ್ಷ ಅವಳಿಗೆ ಮೊದಲ ಬಾರಿ ದೊಡ್ಡ ವೇಷ ಸಿಕ್ಕಿತು. ಸೇತುವೆಯ ಮೇಲೆ ಭರ್ಜಿ ಹಿಡಿದು ವೈರಿಯನ್ನು ತಡೆಯುವವಳು, ಒಬ್ಬ ವೀರನ ಹೆಂಡತಿ. ಕೊನೆಗೆ ಭರ್ಜಿ ಎತ್ತಿ, ಕಾಲು ಅಪ್ಪಳಿಸಿ, ತಲೆ ಹೊರಳಿಸಿ, ಕಣ್ಣು ಮೆಳ್ಳೆಗಣ್ಣು ಮಾಡಿ ಕಲ್ಲಿನಂತೆ ನಿಲ್ಲಬೇಕು. ಮರದ ತಾಳ ಟಪ್ಪೆಂದು ಬಡಿದು ನಿಂತೊಡನೆ ಜನ ಆ ವೇಷಧಾರಿಯ ಮನೆಯ ಹೆಸರನ್ನು ಕೂಗಬೇಕು. ಕೂಗು ಬೀಳುವ ತನಕ ಭಂಗಿ ಬಿಡುವ ಹಾಗಿಲ್ಲ. ಇನ್ನೊಂದು ಕಟ್ಟುಪಾಡೂ ಇದೆ: ತನ್ನ ಮನೆಯ ಹೆಸರನ್ನು ಮಾತ್ರ ಯಾರೂ ತಾವೇ ಕೂಗಬಾರದು. ಅದು ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗೆ.

ತಾಲೀಮಿನ ದಿನ ಸವಾಕೊ ಧೈರ್ಯ ಮಾಡಿ ಕೇಳಿದಳು. ಕೂಗುವುದರಲ್ಲಿ ಊರಿಗೇ ಮುಂದಾಳು ಸೋಕಿಚಿ.

“ತೋಫುಯಾ ಅಣ್ಣ, ನನ್ನ ಭಂಗಿಗೆ ಏನಂತ ಕೂಗ್ತೀರಿ?”

ಸೋಕಿಚಿ ತಲೆ ಕೆರೆದುಕೊಂಡ. “ಅದೇ ನೋಡಮ್ಮ ತಲೆನೋವು. ಕಮ್ಮಾರನ ಮನೆ, ಕಾಜಿಯಾ ಅನ್ಬೇಕು. ಆದ್ರೆ ಅದು ಕಿನುಯೆ ಅಜ್ಜಿ ತವರಿನ ಹೆಸರು. ಅವರಣ್ಣ ಪಟ್ಟಣಕ್ಕೆ ಹೋಗಿ ಅಲ್ಲೇ ತೀರ್ಕೊಂಡ, ಮಕ್ಕಳಿಲ್ಲ. ಉಳಿದಿರೋದು ಅಜ್ಜಿ ಒಬ್ರೇ. ಅವರೆದುರು ಆ ಹೆಸರು ಇನ್ನೊಬ್ರಿಗೆ ಕಟ್ಟೋಕೆ ನನಗೇನು ಎರಡು ತಲೆ ಇದೆಯಾ?”

“ಹಾಗಾದ್ರೆ ತಂಗುಮನೆ ಅಂತಾನಾದ್ರೂ...”

“ಥೂ, ಬೋರ್ಡು ಓದಿದ ಹಾಗಿರುತ್ತೆ. ಯಾರಾದ್ರೂ ಏನಾದ್ರೂ ಕೂಗ್ತಾರೆ ಬಿಡು.”

ಯಾರಾದರೂ ಎಂದರೆ ಯಾರೂ ಇಲ್ಲ ಎಂದೇ ಅರ್ಥ. ಅಷ್ಟು ತಿಳಿಯದಷ್ಟು ಹೊಸಬಳೇನಲ್ಲ ಸವಾಕೊ. ಅವಳಿಗೆ ಆ ಒಂದು ಕೂಗು ಬೇಕಿತ್ತು. ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ಹಾಗೆಂದು ಅದನ್ನು ಬೇಡಿ ಪಡೆದರೆ ಅದು ಕೂಗಲ್ಲ, ಭಿಕ್ಷೆ.

ಆಟದ ದಿನ ಬೆಳಗ್ಗೆ ಊರೆಲ್ಲ ಬಸ್ಸು, ಕಾರು, ಕ್ಯಾಮೆರಾ. ಪ್ರವಾಸಿಗರು ತಡವಾಗಿ ಅರಳಿದ ಚೆರ್ರಿ ಹೂವಿನ ಕೆಳಗೆ ನಿಂತು ಹಿಮದ ಶಿಖರವನ್ನು ಬೆನ್ನಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸವಾಕೊಳ ಮನೆಯಲ್ಲಿ ಇಳಿದಿದ್ದ ಟೋಕಿಯೋದ ಗಂಡ ಹೆಂಡತಿಗೆ ಅವಳ ಕಳವಳ ಹೇಗೋ ಗೊತ್ತಾಗಿತ್ತು.

“ನಾವೇ ಕೂಗ್ತೀವಿ ಬಿಡಿ, ಗಂಟಲು ಹರಿದುಹೋಗೋ ಹಾಗೆ!” ಎಂದ ಗಂಡ.

“ದಯವಿಟ್ಟು ಬೇಡ ಸ್ವಾಮಿ,” ಸವಾಕೊ ನಕ್ಕಳು. “ನೀವು ಕೂಗಿದ್ರೆ ನನ್ನ ಅಡುಗೆ ಚೆನ್ನಾಗಿತ್ತು ಅಂತ ಅರ್ಥ ಆಗುತ್ತೆ, ಅಷ್ಟೇ.”

ಅಷ್ಟರಲ್ಲಿ ಕಿನುಯೆ ಅಜ್ಜಿ ಹಿತ್ತಲ ದಾರಿಯಿಂದ ಸೊಪ್ಪಿನ ಉಪ್ಪಿನಕಾಯಿಯ ಡಬ್ಬಿ ಹಿಡಿದು ಬಂದಳು. ಮದುವೆಯಾಗಿ ಹೋದದ್ದು ಪಕ್ಕದ ಹಶಿಯಾ ಮನೆಗೇ. ಮೈ ಬಾಗಿದೆ, ನಾಲಿಗೆ ಬಾಗಿಲ್ಲ. ಅಪ್ಪನ ಕುಲುಮೆಯಲ್ಲೇ ಸಾಣೆ ಹಿಡಿಸಿಕೊಂಡ ನಾಲಿಗೆ ಎಂದು ಊರವರು ಅವಳು ಇಲ್ಲದಾಗ ಹೇಳುತ್ತಾರೆ.

“ಆ ಬಾಗಿಲನ್ನ ಎಳೀಬೇಡ, ಸ್ವಲ್ಪ ಎತ್ತಿ ಸರಿಸು ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?” ಎನ್ನುತ್ತಲೇ ಒಳಗೆ ಬಂದು, ಸವಾಕೊಳ ಸೊಂಟದ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿದಳು. “ಹೊಟ್ಟೆ ಒಳಗೆಳ್ಕೊ. ವೀರನ ಹೆಂಡತಿ ಅಂತೆ, ದಿನ ತುಂಬಿದ ಬಸುರಿ ಥರ ಕಾಣ್ತೀಯ.”

“ಅಜ್ಜಿ, ಆಟಕ್ಕೆ ಬರ್ತೀರಲ್ಲ?”

“ಬರದೆ ಏನು? ಮುಂದಿನ ಸಾಲಲ್ಲೇ ಚಾಪೆ ಹಾಸಿ ಬಂದಿದ್ದೀನಿ. ನೀನು ಎಲ್ಲಿ ಎಡವ್ತೀಯೋ ನೋಡ್ಬೇಕಲ್ಲ.”

ಹೆಸರಿನ ಮಾತು ಸವಾಕೊಳ ತುಟಿಯ ತನಕ ಬಂದು ಅಲ್ಲೇ ನಿಂತಿತು.

ಗುಡಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಊಟದ ಡಬ್ಬಿ ಬಿಚ್ಚಿತ್ತು, ಅಕ್ಕಿಮದ್ಯ ಸಾಕೆಯ ಬಾಟಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಬಸ್ಸಿನ ಡ್ರೈವರ್ ಈ ವರ್ಷವೂ ರಾಜಕುಮಾರಿ, ಈ ವರ್ಷವೂ ಗೊಳೋ. ಮೆಚ್ಚಿದ ಜನ ಕಾಗದದಲ್ಲಿ ಸುತ್ತಿ ಎಸೆದ ಚಿಲ್ಲರೆ ರಂಗದ ಮೇಲೆ ಪಟಪಟ ಬಿತ್ತು. ಆಮೇಲೆ ಸವಾಕೊಳ ಸರದಿ. ಸೇತುವೆ ಎಂದು ಇಟ್ಟ ಹಲಗೆಯ ಮೇಲೆ ಅವಳು ಎಡವಲಿಲ್ಲ, ಮಾತು ಮರೆಯಲಿಲ್ಲ. ವೈರಿಯ ವೇಷದ ಅಂಚೆಯವ ಇಸಾಮುವನ್ನು ಭರ್ಜಿಯ ಕೆಳಗೆ ಕೆಡವಿ, ಕಾಲು ಅಪ್ಪಳಿಸಿದಳು. ತಲೆ ಹೊರಳಿತು. ಕಣ್ಣು ಮೂಗಿನ ಕಡೆಗೆ ಕೂಡಿತು. ತಾಳ ಟಪ್ಪೆಂದು ನಿಂತಿತು.

ಕೂಗು ಬೀಳಲಿಲ್ಲ.

ಗುಡಿಯ ಹಿಂದಿನ ತೊರೆಯ ಸದ್ದು ಕೇಳಿಸಿತು. ಎಲ್ಲೋ ಒಂದು ಮಗು ಸೀನಿತು. ಸೋಕಿಚಿ ಬಾಯಿ ತೆರೆದು ಕಿನುಯೆ ಅಜ್ಜಿಯ ಕಡೆ ನೋಡಿ ಮುಚ್ಚಿಕೊಂಡ. ಸವಾಕೊ ಭರ್ಜಿ ಇಳಿಸಲಿಲ್ಲ. ಬಣ್ಣದೊಳಗೆ ಬೆವರೋ ಕಣ್ಣೀರೋ, ಏನೋ ಇಳಿಯುತ್ತಿತ್ತು. ಇಷ್ಟು ವರ್ಷ ಬಾಳಿ ಕೊನೆಗೂ ತಾನು ಹೊರಗಿನವಳೇ ಎನಿಸಿತು ಅವಳಿಗೆ.

“ಅಕ್ಕಾ,” ಕೆಳಗಿನಿಂದ ಇಸಾಮು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ, “ನನ್ನ ಕಾಲು ಜೋಮು ಹಿಡೀತಾ ಇದೆ.”

ಆಗ ಕಿನುಯೆ ಅಜ್ಜಿ ಚಾಪೆಯ ಮೇಲೆಯೇ ಗರ್ರನೆ ಹಿಂದಕ್ಕೆ ತಿರುಗಿದಳು.

“ಏನ್ರೋ, ಬಾಯಲ್ಲಿ ಅನ್ನ ತುಂಬ್ಕೊಂಡಿದ್ದೀರಾ? ಕೂಗ್ರೋ!”

“ನೀವಿರುವಾಗ ನಾವು ಹೇಗಜ್ಜಿ...” ಸೋಕಿಚಿ ತೊದಲಿದ. “ನಿಮ್ಮ ತವರಿನ ಹೆಸರು. ನೀವು ಒಪ್ಪಬೇಕಲ್ಲ.”

“ನಾನೆಲ್ಲಿ ಬೇಡ ಅಂದೆ? ಹುಟ್ಟಿದ ಮನೆ ಹೆಸರನ್ನ ನಾನೇ ಹೇಗ್ರೋ ಕೂಗ್ಲಿ, ನಾಚಿಕೆಗೇಡು! ನೀವು ಕೂಗ್ತೀರಿ ಅಂತ ಬೆಳಗ್ಗೆಯಿಂದ ಕಾಯ್ತಾ ಕೂತಿದ್ದೀನಿ. ಈ ಹೆಣ್ಣನ್ನ ಯಾರೂ ಮನೆಯವಳು ಅನ್ನೋಲ್ಲ ಅಂತ ಹೊಟ್ಟೆ ಉರ್ಕೊಂಡು ಕೂತಿದ್ದೀನಿ!”

ಮರ್ಯಾದಸ್ಥರ ಊರೆಂದರೆ ಹೀಗೇ. ಅಜ್ಜಿಗೆ ನೋವಾದೀತೆಂದು ಊರು ಸುಮ್ಮನಿತ್ತು, ಊರು ಕೂಗಲೆಂದು ಅಜ್ಜಿ ಸುಮ್ಮನಿದ್ದಳು. ಒಬ್ಬರಾದರೂ ಒಂದು ಮಾತು ಕೇಳಿದ್ದರೆ ವರ್ಷಗಳ ಹಿಂದೆಯೇ ಮುಗಿಯಬೇಕಿದ್ದ ಸಂಗತಿ.

“ಯಾರಾದ್ರೂ ಕೂಗ್ರಪ್ಪಾ, ಸತ್ತೆ!” ಎಂದ ಇಸಾಮು, ಈ ಸಲ ದೊಡ್ಡ ದನಿಯಲ್ಲೇ.

ನಗು ಬುಗ್ಗೆಂದು ಎದ್ದಿತು. ಸೋಕಿಚಿ ಎದೆ ತುಂಬ ಉಸಿರೆಳೆದುಕೊಂಡ. ಕಿನುಯೆ ಅಜ್ಜಿ ಕೈ ಎತ್ತಿ ಅವನನ್ನು ತಡೆದಳು.

“ತಡಿಯೋ.”

ಅವಳು ಮಂಡಿಯ ಮೇಲೆ ಕೈಯೂರಿ ಎದ್ದಳು. ಸವಾಕೊಳ ಮೆಳ್ಳೆಗಣ್ಣಿಗೆ ಇಬ್ಬರು ಕಿನುಯೆ ಅಜ್ಜಿಯರು ಒಟ್ಟಿಗೇ ಎದ್ದು ನಿಂತಂತೆ ಕಂಡಿತು. ಇಬ್ಬರೂ ಬಾಯಿ ತೆರೆದರು.

“ಕಾಜಿಯಾ!”

ಆ ಮುದಿ ದೇಹದಿಂದ ಅಂಥ ಕೂಗು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಅದರ ಬೆನ್ನಿಗೇ ಸೋಕಿಚಿ, ಅವನ ಹೆಂಡತಿ, ರಾಜಕುಮಾರಿ, ಇಡೀ ಅಂಗಳವೇ ಕಾಜಿಯಾ, ಕಾಜಿಯಾ ಎಂದು ಹುಚ್ಚೆದ್ದು ಕೂಗಿತು. ಟೋಕಿಯೋದ ಗಂಡ ಹೆಂಡತಿ ಎಲ್ಲರಿಗಿಂತ ಕೊನೆಗೆ ಸೇರಿಕೊಂಡು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದರು. ಕಾಗದದ ಪೊಟ್ಟಣಗಳ ಮಳೆಯಲ್ಲಿ ಒಂದು ಇಸಾಮುವಿನ ಮೂಗಿಗೇ ತಗುಲಿತು. ಸವಾಕೊ ಭರ್ಜಿ ಇಳಿಸಿದಳು. ಅಷ್ಟು ಸಂತೋಷವನ್ನು ಎಲ್ಲಿಟ್ಟುಕೊಳ್ಳುವುದೆಂದೇ ಅವಳಿಗೆ ತಿಳಿಯಲಿಲ್ಲ.

ಆಟ ಮುಗಿದ ಮೇಲೆ ರಂಗದ ಹಿಂದೆ ಕಿನುಯೆ ಅಜ್ಜಿ ಒದ್ದೆ ಬಟ್ಟೆ ಹಿಡಿದು ಅವಳ ಮುಖದ ಬಣ್ಣ ಒರೆಸತೊಡಗಿದಳು, ಪಾತ್ರೆ ತಿಕ್ಕುವ ಹಾಗೆ.

“ಅಜ್ಜಿ,” ಸವಾಕೊ ಕೇಳಿದಳು, “ಸ್ವಂತ ಮನೆ ಹೆಸರನ್ನ ಕೂಗಬಾರದು ಅಂತ ನೀವೇ ಅಂದ್ರಲ್ಲ.”

“ಕೂಗಬಾರದು. ಈ ವಯಸ್ಸಲ್ಲಿ ನಾನು ಅಂಥ ತಪ್ಪು ಮಾಡ್ತೀನಾ?” ಅಜ್ಜಿ ಬಟ್ಟೆ ಹಿಂಡಿದಳು. “ಅದು ನಮ್ಮನೆ ಹೆಸರಾಗಿದ್ದಿದ್ರೆ ಕೂಗ್ತಿರ್ಲಿಲ್ಲ.”

ಸವಾಕೊಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅಳು ತಡೆಯಲಾಗಲಿಲ್ಲ.

“ಅಳಬೇಡ ಅಂದ್ರೆ! ಬಣ್ಣ ಎಲ್ಲ ನನ್ನ ತೋಳಿಗೆ ಬರ್ತಾ ಇದೆ,” ಅಜ್ಜಿ ಗದರಿದಳು. “ಈ ಕಡೆ ತಿರುಗು, ಕಾಜಿಯಾ.”