ಅಕ್ಕನ ಪೂಜಾರಿಣಿಗೊಂದು ದೇವರು

ದೇವರನ್ನು ಹುಟ್ಟಿಸುವುದು ಇಷ್ಟು ತಲೆನೋವಿನ ಕೆಲಸವೆಂದು ಗೊತ್ತಿದ್ದರೆ ನಾನು ಪರದೆ ಹೊಲಿದುಕೊಂಡು ತೆಪ್ಪಗಿರುತ್ತಿದ್ದೆ. ಬಾಗಿಲು, ಕಿಟಕಿಗಳ ಪರದೆ ಹೊಲಿಯುವುದು ನನ್ನ ಕಸುಬು. ಭಾನುವಾರ ಮಧ್ಯಾಹ್ನ ಮಾತ್ರ ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಖಾಲಿ ಮಾಡಿ, ಅದರ ಮೇಲೆ ಇಲ್ಲದ ಲೋಕವೊಂದನ್ನು ಹರಡುತ್ತೇವೆ. ಕಥೆ ನಡೆಸುವವನು ನಾನು. ಉಳಿದವರು ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ; ಅದು ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ಭಾವ ಕತ್ತಿ ಹಿಡಿದ ಸೈನಿಕ, ಎದುರು ಮನೆಯ ಹಲ್ಲಿನ ಡಾಕ್ಟರಮ್ಮ ಬೀಗ ಮುರಿಯುವ ಕಳ್ಳಿ, ಅಕ್ಕ ಪೂಜಾರಿಣಿ.

ಅಕ್ಕ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವಳು. ಅವಳ ಪೂಜಾರಿಣಿಗೂ ಅದೇ ಗಂಟಲು, ದೇವರೂ ಗುಡುಗಿನ ದೇವರು. ಮಂತ್ರವನ್ನು ಬಾಯಿಬಿಟ್ಟು ಕೂಗದಿದ್ದರೆ ವರ ಫಲಿಸದು ಎಂಬ ನಿಯಮ ತಂದವಳೂ ಅವಳೇ. ಆಮೇಲೆ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಹೇಳಬೇಕಾದ್ದನ್ನು ಫೋನಿನಲ್ಲಿ ಬರೆದು ತೋರಿಸುತ್ತಾಳೆ. ಕೆಲವು ವಾರ ಆಟಕ್ಕೆ ಬಂದು ಕೂತಳು, ಆಮೇಲೆ ಬರುವುದನ್ನೇ ಬಿಟ್ಟಳು. ಮಂಡಿಯ ಕೆಲಸ ಹೋಗಿತ್ತು, ಗೆಳತಿಯರ ಮನೆಗೆ ಹೋಗುವುದೂ ನಿಂತಿತ್ತು. ಈ ಮೇಜೂ ತಪ್ಪಿದರೆ ಅವಳು ನಾಲ್ಕು ಗೋಡೆಗಳ ನಡುವೆಯೇ ಮುದುಡಿಹೋಗುತ್ತಾಳೆಂದು ನನಗೆ ಭಯ.

ಅದಕ್ಕೇ ಈ ಹೊಸ ದೇವರ ಉಸಾಬರಿ. ನಮ್ಮ ಪದ್ಧತಿಯಲ್ಲಿ ಹೊಸ ದೇವರಿಗೆ ಒಂದು ವರ, ಒಂದು ಕಟ್ಟಳೆ ಇರಬೇಕು. ಎಲ್ಲರೂ ಮೇಜಿನ ಮೇಲೆ ಅಂಗೈ ಇಟ್ಟು ಒಪ್ಪಬೇಕು. ವಾರವಿಡೀ ಹೊಲಿಗೆ ಯಂತ್ರ ತುಳಿಯುತ್ತಲೇ ತಲೆ ಕೆಡಿಸಿಕೊಂಡು ಮೌನದ ದೇವಿಯನ್ನು ಕಟ್ಟಿದೆ. ಬಿಳಿ ಮುಸುಕು, ಮುಚ್ಚಿದ ತುಟಿ. ಅವಳ ಪೂಜಾರಿಗಳು ಮಾತಾಡಬೇಕಿಲ್ಲ, ಕೈ ಎತ್ತಿದರೆ ಸಾಕು. ನಿಜ ಹೇಳಬೇಕೆಂದರೆ, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆ ಭಾನುವಾರ ಭಾವ ಹೇಗೋ ಅಕ್ಕನನ್ನು ಹೊರಡಿಸಿಕೊಂಡು ಬಂದರು. ನಾನು ದೇವಿಯನ್ನು ಬಣ್ಣಿಸಿದೆ.

“ಚೆನ್ನಾಗಿದೆ. ಆದ್ರೆ ಅವಳ ಪಕ್ಕ ಒಂದು ಹುಲಿ ಇರ್ಲಪ್ಪ,” ಎಂದರು ಭಾವ. ಅವರಿಗೆ ಎಲ್ಲದರ ಪಕ್ಕದಲ್ಲೂ ಹುಲಿ ಬೇಕು.

“ಹುಲಿ ಯಾಕೆ? ಬೆಳಗ್ಗಿಂದ ಸಂಜೆವರೆಗೆ ತೆರೆದ ಬಾಯಿಗಳನ್ನೇ ನೋಡಿ ಸಾಕಾಗಿದೆ. ಮುಚ್ಚಿದ ಬಾಯಿ ಅಂದ್ರೆ ನಂಗೆ ಅದೇ ದೇವ್ರು,” ಎಂದರು ಡಾಕ್ಟರಮ್ಮ.

ನಾವು ನಗುತ್ತಿರುವಾಗ ಅಕ್ಕ ಬರೆಯುತ್ತಿದ್ದಳು. ಕೊನೆಗೆ ಫೋನನ್ನು ನನ್ನ ಮುಖಕ್ಕೇ ಹಿಡಿದಳು.

“ನನ್ನ ಬಾಯಿ ಮುಚ್ಚಿಸಿದ್ದಕ್ಕೆ ನಾನೇ ಕೈ ಮುಗೀಬೇಕೇನೋ? ಮೌನ ಯಾರಿಗೆ ಬೇಕಿತ್ತು?”

ನನಗೆ ಉರಿದುಹೋಯಿತು. “ನಿನಗೋಸ್ಕರಾನೇ ತಾನೇ ಇಷ್ಟೆಲ್ಲ ಒದ್ದಾಡಿದ್ದು! ಸರಿ, ಬಿಡು. ಗಂಟೆ ದೇವ್ರು ಮಾಡೋಣ. ಗಂಟೆ ಬಾರಿಸಿದ್ರೆ ವರ.”

ಅಕ್ಕ ಬರೆಯತೊಡಗಿದಳು. ಅಷ್ಟರಲ್ಲಿ ಭಾವ ಗಂಟೆ ಬೇಡ, ಗಾಳಿ ಇರಲಿ ಎಂದರು. ಡಾಕ್ಟರಮ್ಮ ಗಾಳಿಗೆ ಕಟ್ಟಳೆ ಏನು ಎಂದರು. ನಾನು ಕಟ್ಟಳೆ ಯೋಚಿಸುವಾಗ ಅಕ್ಕ ಫೋನು ಎತ್ತಿದಳು.

“ಗಂಟೆ ಆದ್ರೆ ಹಸುವಿನ ಕೊರಳಿಗೆ ಕಟ್ಟಿದ ಹಾಗಿರುತ್ತೆ,” ಎಂದಿತ್ತು.

“ಗಂಟೆ ಆಗ್ಲೇ ಹೋಯ್ತು ಕಣೆ, ಈಗ ಗಾಳಿ ನಡೀತಿದೆ,” ಎಂದರು ಭಾವ.

ಅವಳು ಮತ್ತೆ ಬರೆಯತೊಡಗಿದಳು. ಗಾಳಿ ಹೋಗಿ ನೆರಳಿನ ದೇವರು ಬಂತು. ಬರೆದದ್ದನ್ನು ಅಳಿಸಿದಳು. ನೆರಳೂ ಹೋಯಿತು. ಹುಲಿ ಮಾತ್ರ ಎಲ್ಲ ದೇವರ ಪಕ್ಕದಲ್ಲೂ ಕೂತೇ ಇತ್ತು. ಹುಟ್ಟಿಸಿದ ಒಂದೊಂದು ದೇವರೂ ಮೇಜಿನ ಮೇಲೆಯೇ ಸಾಯುತ್ತಿರುವುದನ್ನು ನೋಡಿ ನನ್ನ ತಾಳ್ಮೆ ಕೆಟ್ಟಿತು.

“ಅಕ್ಕ, ನಿಂಗೆ ಆಡೋ ಮನಸ್ಸೇ ಇಲ್ಲ ಅಂದ್ರೆ ನೆಟ್ಟಗೆ ಹೇಳಿಬಿಡು!”

ಅಕ್ಕ ಅಂಗೈ ಎತ್ತಿ ಮೇಜಿಗೆ ಧಡಾರನೆ ಬಡಿದಳು. ಮೇಜಿನ ತುದಿಯಲ್ಲಿ ಉಳಿದಿದ್ದ ಕತ್ತರಿ ಕುಣಿಯಿತು. ದಾಳಗಳನ್ನೆಲ್ಲ ಬಾಚಿ ಮಡಿಲಿಗೆ ಹಾಕಿಕೊಂಡಳು. ಭಾವ ಬಾಯಿ ತೆರೆದರು, ಮತ್ತೆ ಬಡಿದಳು. ಭಾವ ಬಾಯಿ ಮುಚ್ಚಿದರು. ಆಮೇಲೆ ಅವಳು ನಿಧಾನವಾಗಿ ಬರೆದು ಫೋನನ್ನು ಮೇಜಿನ ನಡುವೆ ಇಟ್ಟಳು.

“ಈ ಬಡಿತದವಳೇ ನನ್ನ ದೇವಿ. ನಾನು ಬಡಿದ್ರೆ ಲೋಕ ನಿಲ್ಲುತ್ತೆ. ಕತ್ತಿ ಎತ್ತಿದ ಕೈ ಎತ್ತಿದ ಹಾಗೇ, ಬಿಟ್ಟ ಬಾಣ ಗಾಳೀಲೇ. ನಾನು ಮುಗ್ಸೋವರೆಗೆ ಯಾರೂ ಮಿಸುಕೋ ಹಾಗಿಲ್ಲ. ಇದು ವರ. ಬಡಿದ ಮೇಲೆ ನಾನು ನಿಜಾನೇ ಹೇಳ್ಬೇಕು. ಇದು ಕಟ್ಟಳೆ.”

ಡಾಕ್ಟರಮ್ಮ ತಕ್ಷಣ ಅಂಗೈ ಇಟ್ಟರು. ಭಾವ ಹುಲಿಯ ಬಗ್ಗೆ ಏನೋ ಕೇಳಹೊರಟು, ಕೇಳದೆ ಅಂಗೈ ಇಟ್ಟರು. ಉಳಿದವನು ನಾನು.

“ವರ ತುಂಬಾ ಜೋರಾಯ್ತಕ್ಕ. ಹೀಗೆ ನಿಲ್ಲಿಸ್ತಾ ಹೋದ್ರೆ ಆಟ ಮುಂದಕ್ಕೇ ಹೋಗಲ್ಲ. ದಿನಕ್ಕೆ ಒಂದೇ ಸಲ ಅಂತ...”

ಧಡ್.

ಅರ್ಧ ಮಾತು ನನ್ನ ಬಾಯಲ್ಲೇ ಉಳಿಯಿತು. ಅವಳ ಹೆಬ್ಬೆರಳು ಒಂದೊಂದೇ ಅಕ್ಷರ ಹುಡುಕುತ್ತಿತ್ತು. ತಪ್ಪಾಯಿತು, ಅಳಿಸಿದಳು, ಮತ್ತೆ ಬರೆದಳು. ನನಗೆ ಹೇಳಲು ಎಷ್ಟೋ ಇತ್ತು, ಒಳ್ಳೆಯ ವಾದವೇ ಇತ್ತು. ಕೂತಲ್ಲೇ ಅದು ಹಳಸಿಹೋಯಿತು. ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಅಕ್ಕ ಫೋನು ತಿರುಗಿಸಿದಳು.

“ನಾನು ಆಟ ಬಿಟ್ಟದ್ದು ದನಿ ಹೋಯ್ತು ಅಂತ ಅಲ್ಲ. ನೀವ್ಯಾರೂ ಕಾಯಲ್ಲ ಅಂತ.”

ನಾನು ಅಂಗೈಯನ್ನು ಮೇಜಿನ ಮೇಲಿಟ್ಟೆ. ತಪ್ಪಾಯ್ತಕ್ಕ ಎನ್ನಲು ಬಾಯಿ ತೆರೆದೆ. ಅವಳು ತಲೆಯಾಡಿಸಿ ಫೋನನ್ನು ಮತ್ತೆ ತನ್ನತ್ತ ಎಳೆದುಕೊಂಡಳು. ಅವಳದಿನ್ನೂ ಮುಗಿದಿರಲಿಲ್ಲ. ನಾವು ಕಾದೆವು.