ಕೆಂಪು ದೀಪ ಕೊಳ್ಳುವ ಮೊದಲು

ಉಟಗಿ ಊರಿನ ರಹಿಮಾ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ದಿನವಿಡೀ ನೆಲದ ಮೇಲೆ ಕುಳಿತು ಹೊಲಿಯಬೇಕು. ಐವತ್ತು ದಾಟುವ ಹೊತ್ತಿಗೆ ಮೊಣಕಾಲುಗಳು ಹಿಡಿದುಕೊಂಡವು. ಗೋಡೆ ಹಿಡಿಯದೆ ಏಳಲಾಗದು. ಜೊತೆಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ ಬೇರೆ.

೨೦೦೩ರ ಚಳಿಗಾಲದಲ್ಲಿ ಗಂಡ ಬಾದಶಹಾ ಸಂತೆಯಿಂದ ಒಂದು ಕೆಂಪು ದೀಪ ತಂದ. ಜೀಪಿನಿಂದ ಇಳಿದವನು ಚಹಾ ಕೂಡ ಕೇಳಲಿಲ್ಲ. ಮೊದಲು ದೀಪವನ್ನೇ ಹಚ್ಚಿದ.

“ಇದರ ಬೆಳಕ ಬಿದ್ದರ ಸಾಕಂತ. ಮೊಣಕಾಲ ಬ್ಯಾನಿ, ಲಕ್ವಾ, ಶುಗರ, ಎಲ್ಲಾ ಹೋಗ್ತಾವಂತ. ಗುಳಿಗಿನೂ ಬಿಡ್ರಿ ಅಂದಾನ ದೀಪ ಮಾರಾವ.”

ಎರಡು ದಿನ ಮೊಣಕಾಲಿಗೆ ಹಿತವಾದ ಕಾವು ಸಿಕ್ಕಿತು. ರಹಿಮಾಗೆ ದೀಪದ ಮೇಲೆ ನಂಬಿಕೆ ಬಂತು. ಮೂರನೆಯ ದಿನ, ಬಹಳ ಕಾಲದಿಂದ ಜೋಮು ಹಿಡಿದಿದ್ದ ಅಂಗಾಲಿಗೂ ಬೆಳಕು ಬೀಳಲಿ ಎಂದು ಕಾಲು ಚಾಚಿ ಕುಳಿತಳು. ಕಾವು ತಿಳಿಯಲಿಲ್ಲ. ದೀಪವನ್ನು ಹತ್ತಿರಕ್ಕೆ ಎಳೆದಳು. ಆಗಲೂ ತಿಳಿಯಲಿಲ್ಲ. ಇನ್ನೂ ಹತ್ತಿರ ಎಳೆದು, ಕೌದಿಯ ಅಂಚು ಹೊಲಿಯುವುದರಲ್ಲಿ ಮುಳುಗಿಬಿಟ್ಟಳು.

ಒಳಗೆ ಬಂದ ಮಗಳು ರುಕ್ಸಾರ ಚೀರಿ ದೀಪ ಆರಿಸಿದಳು. ಹೆಬ್ಬೆರಳಿನ ಬುಡದಲ್ಲಿ ಬಾರೆಹಣ್ಣಿನಷ್ಟು ದೊಡ್ಡ ಗುಳ್ಳೆ ಎದ್ದಿತ್ತು. ರಹಿಮಾಗೆ ನೋವೇ ಇರಲಿಲ್ಲ. ಅವಳು ಹೆದರಿದ್ದು ಅದಕ್ಕೇ.

ಸುದ್ದಿ ತಿಳಿದು ಊರಿನ ನರ್ಸ್ ಉಮಾಶ್ರೀ ಬಂದರು. ಗುಳ್ಳೆ ಒಡೆಯದಂತೆ ಪಟ್ಟಿ ಕಟ್ಟಿದರು.

“ದೀಪದ್ದೇನೂ ತಪ್ಪಿಲ್ರಿ ಬಾಯಾರ,” ಎಂದ ಬಾದಶಹಾ. “ಇಕಿ ಹೊತ್ತ ಮರತು ಕುಂತಾಳ, ಅಷ್ಟ.”

ಉಮಾಶ್ರೀ ರಹಿಮಾ ಕಡೆ ತಿರುಗಿದರು. ಒಂದು ಚೂರು ಹತ್ತಿ ತೆಗೆದುಕೊಂಡರು. “ಭಾಬಿ, ಕಣ್ಣ ಮುಚ್ಚರಿ. ಹತ್ತಿ ಮುಟ್ಟಿದ ಕೂಡ್ಲೆ ಹೂಂ ಅನ್ರಿ.”

ಕೈಗೆ ಮುಟ್ಟಿಸಿದರು. “ಹೂಂ.” ಮೊಣಕಾಲಿಗೆ ಮುಟ್ಟಿಸಿದರು. “ಹೂಂ.” ಆಮೇಲೆ ಇನ್ನೊಂದು ಕಾಲಿನ ಅಂಗಾಲಿಗೆ ಮೂರು ಸಲ ಮುಟ್ಟಿಸಿದರು. ರಹಿಮಾ ಕಣ್ಣು ಮುಚ್ಚಿಕೊಂಡೇ ಕೇಳಿದಳು:

“ಯಾಕ ಸುಮ್ಮನಾದ್ರಿ? ಮುಟ್ಟಸ್ರಿ ಮತ್ತ.”

ಅಂಗಾಲಿಗೆ ತಾಗಿದ್ದ ಹತ್ತಿಯನ್ನು ಬಾದಶಹಾ ನೋಡುತ್ತಲೇ ಇದ್ದ.

“ಶುಗರದಿಂದ ಕಾಲ ಜಡ್ಡಗಟ್ಟೇತಿ,” ಎಂದರು ಉಮಾಶ್ರೀ. “ಸುಟ್ಟರೂ ತಿಳಿಯೂದಿಲ್ಲ. ಇಂಥಾ ಕಾಲಿಗೆ ಬಿಸಿ ಶೇಕ ಕೊಡಬಾರದು.”

“ಹಂಗಾರ ದೀಪ ಎಲ್ಲಾ ಸುಳ್ಳೇನ್ರಿ?” ಎಂದು ಕೇಳಿದ ಬಾದಶಹಾ.

“ಅಲ್ರಿ. ಮೊಣಕಾಲಿಗೆ ಡಾಕ್ಟರೂ ಕೆಂಪು ದೀಪದ ಶೇಕ ಕೊಡ್ತಾರ. ತುಸು ಹಗುರ ಅನಸ್ತದ. ಆದರ ಶುಗರ, ಲಕ್ವಾ ವಾಸಿ ಮಾಡೂ ದೀಪ ಎಲ್ಲೂ ಇಲ್ಲ. ಗುಳಿಗಿ ತೊಗೊಳ್ಳಾಕತ್ತೀರಿಲ್ಲ, ಭಾಬಿ?”

ರಹಿಮಾ ತಲೆ ತಗ್ಗಿಸಿದಳು. “ಬಿಟ್ಟು ಮೂರ ದಿನ ಆತ್ರಿ.”

ಉಮಾಶ್ರೀ ದೀಪವನ್ನು ತಿರುಗಿಸಿ ನೋಡಿದರು. ಮಾಡಿದವರ ಹೆಸರಿಲ್ಲ. ಎಷ್ಟು ವ್ಯಾಟು, ಎಷ್ಟು ದೂರ ಇಡಬೇಕು, ಎಷ್ಟು ಹೊತ್ತು ಹಚ್ಚಬೇಕು, ಒಂದೂ ಬರೆದಿಲ್ಲ. ಬಲ್ಬಿಗೆ ಮೈ ತಾಗದಂತೆ ತಡೆಯುವ ತಂತಿಯ ಜಾಳಿಗೆ ಇಲ್ಲ. ವಾಯರ ಆಗಲೇ ಬಿಸಿಗೆ ಮೆತ್ತಗಾಗಿತ್ತು.

ಮರುದಿನವೇ ಬಾದಶಹಾ ಹೆಂಡತಿಯನ್ನು ತಾಲೂಕು ಊರಾದ ಜತ್ತಿನ ಡಾಕ್ಟರ ಹತ್ತಿರ ಕರೆದೊಯ್ದ. ತಡಮಾಡಿದ್ದರೆ ಹುಣ್ಣಾಗಿ ಬೆರಳಿಗೇ ಕುತ್ತು ಬರುತ್ತಿತ್ತು ಎಂದರು ಅವರು. ಗುಳಿಗೆ ಮತ್ತೆ ಶುರುವಾಯಿತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಸಂತೆಯಲ್ಲಿ ಮಾರಿದವನು ಮತ್ತೆ ಕಾಣಲಿಲ್ಲ. ಬೇರೆ ಯಾರೂ ಬಳಸದಿರಲಿ ಎಂದು ಬಾದಶಹಾ ಆ ದೀಪದ ವಾಯರ ಕತ್ತರಿಸಿ ಹಾಕಿದ.

ಗಾಯ ಮಾಯ್ದ ಮೇಲೆ ಡಾಕ್ಟರು ಪರೀಕ್ಷಿಸಿ, ಮೊಣಕಾಲಿಗೆ ಮಾತ್ರ ಶೇಕ ಕೊಡಬಹುದು ಎಂದು ದೂರ, ಸಮಯ ಎರಡನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಬಾದಶಹಾ ಸಾಂಗಲಿಗೆ ಹೋದ. ಅಂಗಡಿಯವನು ಬೇಸರಪಡುವಷ್ಟು ಪ್ರಶ್ನೆ ಕೇಳಿ, ಜಾಳಿಗೆ, ಗಟ್ಟಿ ಸ್ಟ್ಯಾಂಡು, ಮೂರು ಪಿನ್ನಿನ ಪ್ಲಗ್ಗು, ಗ್ಯಾರಂಟಿ ಕಾಗದ ಇದ್ದ ದೀಪವನ್ನೇ ತಂದ. ಈಗ ದೀಪ ಹಚ್ಚಿದಾಗ ರುಕ್ಸಾರ ಗಡಿಯಾರ ಹಿಡಿದು ಪಕ್ಕದಲ್ಲೇ ಕೂರುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ದೀಪ ಬರಬಹುದು. ಅದರ ಮೇಲೆ ಏನು ಬರೆದಿದೆ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಬೆಳಕನ್ನು ದಿಟ್ಟಿಸಿ ನೋಡಬೇಡಿ, ಅದರ ಮುಂದೆ ನಿದ್ದೆ ಹೋಗಬೇಡಿ. ಸಕ್ಕರೆ ಕಾಯಿಲೆ ಇದ್ದವರು, ಕಾಲು ಜೋಮು ಹಿಡಿಯುವವರು ಮೊದಲು ದವಾಖಾನೆಗೆ ಹೋಗಿ, ಅಂಗಡಿಗೆ ಆಮೇಲೆ. ಗುಳಿಗೆ ಬಿಡಿ ಎಂದು ಹೇಳಿ ದೀಪ ಮಾರುವವನಿಂದ ಯಾವ ದೀಪವನ್ನೂ ಕೊಳ್ಳಬೇಡಿ.