ದ್ವಾದಶಿಯ ಪಾದರಸ

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ನಗಲಿ. 2021ರಲ್ಲಿ ಕೆನಡಾದ ಲಿಟನ್ ಎಂಬ ಊರಿನಲ್ಲಿ ಉಷ್ಣಾಂಶ 49.6 ಡಿಗ್ರಿ ಮುಟ್ಟಿತು. ಅದರ ಹಿಂದಿನ ವರ್ಷ, ಚಳಿಗೇ ಹೆಸರಾದ ಸೈಬೀರಿಯಾದ ವೆರ್ಖೋಯಾನ್ಸ್ಕ್‌ನಲ್ಲಿ 38. 2025ರ ಜುಲೈಯಲ್ಲಿ ಫಿನ್ಲೆಂಡ್ ಮೂರು ವಾರ ದಿನವೂ ಮೂವತ್ತು ದಾಟಿತು. ಹೀಗೆ ದಾರಿ ತಪ್ಪಿದ ಉತ್ತರದ ವರ್ಷಗಳನ್ನು ಕೂಡಿಹಾಕಿ, ಅದೇ ವರ್ಷ ನಮ್ಮ ಜಿಲ್ಲೆಯಲ್ಲಿ ಏನಾಯಿತು ಎಂದು ಪಕ್ಕಪಕ್ಕ ಇಟ್ಟು ನೋಡುವುದು ನನ್ನ ಹುಚ್ಚು. ನಾನು ಅರುಣಾ, ಪಾರ್ವತಿನಗರದವಳು, ಕಾಲೇಜಿನಲ್ಲಿ ಭೂಗೋಳ ಹೇಳುತ್ತೇನೆ. ಏಳು ವರ್ಷದಿಂದ ಇದರ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದೆ. ಮನೆಯಲ್ಲಿ ಎಲ್ಲರೂ "ಇನ್ನೂ ಮುಗೀಲಿಲ್ಲೇನು?" ಎಂದು ಕೇಳಿ ಕೇಳಿ ಸುಸ್ತಾಗಿ, ಕೇಳುವುದನ್ನೇ ಬಿಟ್ಟಿದ್ದರು.

ಉತ್ತರದ ಅಂಕಿಗಳು ಕಂಪ್ಯೂಟರಿನಲ್ಲೇ ಸಿಗುತ್ತವೆ. ನಮ್ಮ ಕಡೆಯ ಅಂಕಿಗಳಿಗೆ ನಾನು ನಂಬಿದ್ದು ಮೂರು ಮರದ ಪೆಟ್ಟಿಗೆಗಳನ್ನು. ಒಂದು ಕಂಟೋನ್ಮೆಂಟಿನಲ್ಲಿ ಪ್ರಾಣೇಶ ಸರ್ ಅವರ ಅಂಗಳದಲ್ಲಿತ್ತು. ಅವರು ಹೈಸ್ಕೂಲಿನಲ್ಲಿ ನನಗೆ ಭೂಗೋಳ ಕಲಿಸಿದವರು, ಹತ್ತೊಂಬತ್ತು ವರ್ಷದಿಂದ ಒಂದು ದಿನವೂ ತಪ್ಪದೆ ಉಷ್ಣಾಂಶ ಬರೆದಿಟ್ಟವರು. ಇನ್ನೆರಡನ್ನು ನಾನೇ ಇಡಿಸಿದ್ದೆ: ಸಿರುಗುಪ್ಪದ ಹತ್ತಿರ ದೇಶನೂರಿನಲ್ಲಿ ಭತ್ತ ಬೆಳೆಯುವ ಕೊಟ್ಟೂರಪ್ಪನ ಹೊಲದ ಮನೆಯಲ್ಲಿ ಒಂದು, ಕುರುಗೋಡಿನ ಅಂಗನವಾಡಿ ಟೀಚರ್ ಉಚ್ಚಂಗೆಮ್ಮನ ಹಿತ್ತಲಲ್ಲಿ ಒಂದು.

ಪೆಟ್ಟಿಗೆಯೊಳಗೆ ಎರಡು ಥರ್ಮಾಮೀಟರ್ ಇರುತ್ತವೆ. ಒಂದು ಹಗಲಿನ ಅತಿ ಹೆಚ್ಚು ಬಿಸಿಯಲ್ಲಿ ನಿಂತುಬಿಡುತ್ತದೆ, ಇನ್ನೊಂದು ರಾತ್ರಿಯ ಅತಿ ಕಡಿಮೆಯಲ್ಲಿ. ದಿನವೂ ಬೆಳಿಗ್ಗೆ ಎಂಟಕ್ಕೆ ಎರಡನ್ನೂ ನೋಡಿ ಬರೆದು, ಆಮೇಲೆ ಕೈಯಿಂದ ಮೊದಲಿನ ಜಾಗಕ್ಕೆ ತರಬೇಕು. ಇದಕ್ಕೆ ನಾವು 'ಇಳಿಸುವುದು' ಎನ್ನುತ್ತೇವೆ. ಇಳಿಸದಿದ್ದರೆ ನಿನ್ನೆಯ ಬಿಸಿಲು ಇವತ್ತಿನ ಲೆಕ್ಕಕ್ಕೂ ಬಂದು ಕೂರುತ್ತದೆ. ಇಷ್ಟನ್ನು ಉಚ್ಚಂಗೆಮ್ಮನ ಅಂಗನವಾಡಿಯ ಮಕ್ಕಳೂ ಬಲ್ಲವು.

ಐದು ವರ್ಷದ ಹಿಂದೆ ಪ್ರಾಣೇಶ ಸರ್ ಅವರ ಅಂಕಿಗಳನ್ನು ಗೆರೆ ಎಳೆದು ನೋಡುವಾಗ ನನಗೊಂದು ಅಲೆ ಕಂಡಿತು. ತಿಂಗಳಿಗೆ ಎರಡು ಸಲ, ಪಕ್ಷದ ಹನ್ನೊಂದು-ಹನ್ನೆರಡನೆಯ ದಿನದ ಹೊತ್ತಿಗೆ, ಕಂಟೋನ್ಮೆಂಟಿನ ಹಗಲು ತುಸು ಹೆಚ್ಚು ಬಿಸಿ, ರಾತ್ರಿ ತುಸು ಹೆಚ್ಚು ತಂಪು. ಅಲ್ಲಿಯವರೆಗಿನ ಹದಿನಾಲ್ಕು ವರ್ಷದಲ್ಲೂ ಹಾಗೆಯೇ. ನಾನು ಕುಣಿದಾಡಿದೆ. ಇದು ಚಂದ್ರನ ಕೈವಾಡ ಎಂದು ತೀರ್ಮಾನಿಸಿದೆ. ಉತ್ತರದ ಊರುಗಳಲ್ಲಿ ವರ್ಷದ ಏರಿಳಿತವೇ ತೊಂಬತ್ತು, ನೂರು ಡಿಗ್ರಿ. ಅಷ್ಟು ದೊಡ್ಡ ಗದ್ದಲದಲ್ಲಿ ಈ ಸಣ್ಣ ಅಲೆ ಮುಚ್ಚಿಹೋಗುತ್ತದೆ, ನಮ್ಮಲ್ಲಿ ಮಾತ್ರ ಕಾಣುತ್ತದೆ ಎಂದು ಬರೆದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬುದ್ಧಿ. ಸರ್‌ಗೆ ಮೊದಲು ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಭೇಷ್, ಅರುಣಾ. ಬರಿ" ಎಂದರು.

ದೇಶನೂರು, ಕುರುಗೋಡಿನ ಅಂಕಿಗಳಲ್ಲಿ ಅಲೆ ಇರಲಿಲ್ಲ. ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ದೇಶನೂರಿಗೆ ಹೋಗಿ, ಗೆರೆಯ ಚಾರ್ಟನ್ನು ಕೊಟ್ಟೂರಪ್ಪನ ಮುಂದೆ ಹಾಸಿ, "ಸರ್ ಅವರದ್ದು ನೋಡ್ರಿ, ನಿಮ್ಮದು ನೋಡ್ರಿ. ನಿಗಾ ಇಟ್ಟು ಬರೀತೀರೋ, ಇಲ್ಲ ಚಾ ಕುಡಕೋತ ಅಂದಾಜಿಗೆ ಬರೀತೀರೋ?" ಎಂದು ಕೇಳಿದೆ. ಅವನ ಹೆಂಡತಿ ತಂದ ಮಜ್ಜಿಗೆಯನ್ನೂ ಕುಡಿಯದೆ ಎದ್ದು ಬಂದೆ. ಪೆಟ್ಟಿಗೆಯನ್ನು ಗದ್ದೆಯ ನೀರಿನಿಂದ ದೂರ ಸರಿಸಲು ಹೇಳಿದೆ. ಅವನು ಸರಿಸಿದ. ಉಚ್ಚಂಗೆಮ್ಮನಿಗೂ ಫೋನಿನಲ್ಲಿ ಅಂದೆ. ಅವಳು, "ಕಂಡಿದ್ದು ಬರೀತೀನ್ರಿ, ಬ್ಯಾಡಂದ್ರ ನಿಮ್ಮ ಡಬ್ಬಿ ಒಯ್ರಿ" ಎಂದು ಫೋನಿಟ್ಟಳು. ಕುರುಗೋಡಿನ ಗುಡ್ಡದ ಬಂಡೆಗಳೇ ಅಲೆಯನ್ನು ಕೆಡಿಸುತ್ತಿವೆ ಎಂದು ಒಂದು ಅಧ್ಯಾಯವನ್ನೇ ಬರೆದು ಅವಳ ಬಾಯಿ ಮುಚ್ಚಿಸಿದೆನೆಂದುಕೊಂಡೆ.

ಕಳೆದ ತಿಂಗಳು ಪ್ರಬಂಧ ಮುಗಿಯಿತು. ವಿಚಾರ ಸಂಕಿರಣದಲ್ಲಿ ಮಂಡಿಸುವುದು ಶನಿವಾರ, ಅಧ್ಯಕ್ಷತೆ ಪ್ರಾಣೇಶ ಸರ್‌ದೇ. ಬೈಂಡ್ ಮಾಡಿಸಿದ ಮೊದಲ ಪ್ರತಿಯನ್ನು ಅವರ ಕೈಗೇ ಕೊಡಬೇಕೆಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ಹೇಳದೆ ಕೇಳದೆ ಕಂಟೋನ್ಮೆಂಟಿಗೆ ಹೋದೆ.

ಅವತ್ತು ದ್ವಾದಶಿ. ಹಿಂದಿನ ದಿನ ಏಕಾದಶಿಯ ಉಪವಾಸ ಮಾಡಿ, ಬೆಳಗಾಗುವ ಮುಂಚೆ ಸ್ನಾನ ಪೂಜೆ ಪಾರಣೆ ಮುಗಿಸಿದ್ದ ಸರ್ ಮಡಿಪಂಚೆಯಲ್ಲಿ ಅಂಗಳಕ್ಕೆ ಬಂದರು. ನಾನು ಗೇಟಿನ ಹೊರಗೇ ನಿಂತೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪೆಟ್ಟಿಗೆಯ ಕಡೆ ಬಾಗಿದರು. ಸೊಸೆ ಶ್ರೀಕೃತಿ ಬಾಗಿಲು ತೆರೆದಳು. ಅವರು ಅಂಕಿ ಓದಿ ಹೇಳಿದರು, ಅವಳು ಬರೆದುಕೊಂಡು ಬಾಗಿಲು ಹಾಕಿದಳು. ಇಬ್ಬರೂ ಒಳಗೆ ಹೊರಟರು.

"ಸರ್, ಇಳಿಸಲಿಲ್ಲಲ್ರಿ?" ಎಂದೆ.

ಅವರು ತಿರುಗಿದರು. ಗಾಬರಿಯಾಗಲಿಲ್ಲ. "ಮಡಿಯೊಳಗ ಇದ್ದೀನಿ. ಊರ ಮಂದಿ ಎಲ್ಲಾ ಮುಟ್ಟಿದ ಪೆಟ್ಟಿಗಿ ಅದು. ನಾಳೆ ಇಳಸ್ತೀನಿ."

"ಶ್ರೀಕೃತಿಗೆ ಹೇಳಬಹುದಿತ್ತಲ್ರಿ."

"ಆಕಿ ಕೈಯಾಗ ಒಡದರ? ಅದು ನನ್ನ ಕೈಗೇ ಒಗ್ಗಿದ್ದು."

ನಿಂತಲ್ಲೇ ಲೆಕ್ಕ ಹಾಕಿದೆ. ಹತ್ತೊಂಬತ್ತು ವರ್ಷ, ತಿಂಗಳಿಗೆ ಎರಡು ಏಕಾದಶಿ, ಎರಡು ದ್ವಾದಶಿ. ಆ ದಿನಗಳಲ್ಲಿ ಹಗಲಿನ ಅಂಕಿ ಇಳಿಯಲು ದಾರಿಯೇ ಇರಲಿಲ್ಲ, ರಾತ್ರಿಯ ಅಂಕಿ ಏರಲು ದಾರಿಯೇ ಇರಲಿಲ್ಲ. ನನ್ನ ಚಂದ್ರ ಆಕಾಶದಲ್ಲಿರಲಿಲ್ಲ, ಸರ್ ಅವರ ಪಂಚೆಯಲ್ಲಿದ್ದ.

"ನಾ ಆ ಅಲಿ ತೋರಿಸಿದಾಗ ನಿಮಗ ಗೊತ್ತಾಗಲಿಲ್ಲೇನ್ರಿ?"

"ಗೊತ್ತಾತು," ಎಂದರು. "ಅವತ್ತೇ ಗೊತ್ತಾತು. ನೀ ಎಷ್ಟು ಖುಷಿಯಾಗಿದ್ದಿ. ಹ್ಯಾಂಗ ಹೇಳಲಿ? ಮತ್ತ ಹೇಳಿದರ ನಾ ಬರೆದಿಟ್ಟ ಅಷ್ಟೂ ವರ್ಷ ನೀರಾಗ ಹೋಗತಿದ್ವು."

ಐದು ವರ್ಷ. ಐದು ವರ್ಷ ಈ ಮನುಷ್ಯ ನನ್ನ ಅಧ್ಯಾಯಗಳನ್ನು ಓದಿ, ಕಾಗುಣಿತ ತಿದ್ದಿ, ಬೆನ್ನು ತಟ್ಟಿ ಕಳಿಸಿದ್ದರು. ನೆಚ್ಚಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಸ್ಥಿತಿ. ಅಪ್ಪ ಸತ್ತಾಗಲೂ ನನಗೆ ಇಷ್ಟು ಅನಾಥಳಾದಂತೆ ಅನಿಸಿರಲಿಲ್ಲ. ಕೇಳಿದ್ದು ಒಂದೇ: "ಶನಿವಾರ ನಾ ಪ್ರಬಂಧ ವಾಪಸ್ ತಗೋತೀನಿ. ಯಾಕ ಅನ್ನೂದನ್ನ ನೀವೇ ಹೇಳ್ರಿ. ನಾ ಹೇಳಿದರ ಗುರುವಿನ ಮ್ಯಾಲ ಚಾಡಿ ಹೇಳಿದಂಗ ಆಗತೈತಿ."

"ಹೇಳ್ತೀನಿ," ಎಂದರು. ನಾನು ಅದನ್ನೂ ನಂಬಿದೆ.

ಶನಿವಾರ ಸಭಾಂಗಣದಲ್ಲಿ ಎಂಬತ್ತು ಜನ ಇದ್ದರು. ಕೊಟ್ಟೂರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ದೇಶನೂರಿನಿಂದ ಮೊದಲ ಬಸ್ಸಿಗೆ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದ. ನಾನು ಉತ್ತರದ ವರ್ಷಗಳ ಭಾಗವನ್ನಷ್ಟೇ ಓದಿದೆ. ನಮ್ಮ ಜಿಲ್ಲೆಯ ಹೋಲಿಕೆಯನ್ನು, ಚಂದ್ರನ ಅಲೆಯನ್ನು ಹಿಂದಕ್ಕೆ ಪಡೆದಿದ್ದೇನೆ, ಕಾರಣವನ್ನು ಅಧ್ಯಕ್ಷರು ಹೇಳುತ್ತಾರೆ ಎಂದು ಕೂತೆ.

ಪ್ರಾಣೇಶ ಸರ್ ಮೈಕಿನ ಮುಂದೆ ಬಂದರು. ನೀರು ಕುಡಿದರು. "ಅರುಣಾ ನನ್ನ ಶಿಷ್ಯೆ," ಎಂದು ಶುರು ಮಾಡಿದರು. "ಆಕೆಯ ಶ್ರಮದಲ್ಲಿ ಕೊರತೆಯಿಲ್ಲ. ಆದರೆ ಹಳ್ಳಿಗಳಲ್ಲಿ ಇಟ್ಟ ಪೆಟ್ಟಿಗೆಗಳ ವಿಷಯದಲ್ಲಿ ತೊಂದರೆಯಾಗಿದೆ. ನೋಡಿಕೊಂಡವರಿಗೆ ತರಬೇತಿ ಸಾಲದು. ಒಂದು ಕಡೆಯ ಅಂಕಿ ಇನ್ನೊಂದು ಕಡೆಗೆ ಕೂಡುವುದಿಲ್ಲ. ಅವರ ತಪ್ಪೂ ಅಲ್ಲ, ಪಾಪ."

ಪಾಪ ಎಂದರು. ನಾನು ಕೊಟ್ಟೂರಪ್ಪನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಅಂಗಿಯ ಗುಂಡಿ ಹಿಡಿದುಕೊಂಡು ಕೂತಿದ್ದ. ಸರ್ ನನಗೆ ಮಾಡಿದ್ದನ್ನು ಹೇಗೋ ನುಂಗುತ್ತಿದ್ದೆನೋ ಏನೋ. ಇದನ್ನು ನುಂಗಲಾಗಲಿಲ್ಲ. ಎದ್ದು ನಿಂತೆ.

"ಹಳ್ಳಿಯ ಅಂಕಿಗಳು ಸರಿ ಇವೆ," ಎಂದೆ. ಮೈಕ್ ಬೇಕಾಗಲಿಲ್ಲ. "ತಪ್ಪಿರುವುದು ಕಂಟೋನ್ಮೆಂಟಿನ ಹತ್ತೊಂಬತ್ತು ವರ್ಷ. ಏಕಾದಶಿ, ದ್ವಾದಶಿ ದಿನ ಸರ್ ಮಡಿಯಲ್ಲಿರುತ್ತಾರೆ, ಪಾದರಸ ಇಳಿಸುವುದಿಲ್ಲ. ಗುರುವಾರ ನಾನೇ ಕಣ್ಣಾರೆ ನೋಡಿದ್ದೇನೆ. ಅವರೂ ಒಪ್ಪಿಕೊಂಡಿದ್ದಾರೆ. ದೇಶನೂರಿನ ಕೊಟ್ಟೂರಪ್ಪನವರು ಇಲ್ಲೇ ಇದ್ದಾರೆ. ಅವರ ಒಂದೊಂದು ಅಂಕಿಗೂ ನಾನು ಜವಾಬ್ದಾರಳು."

ಸರ್ ಕನ್ನಡಕ ತೆಗೆದು ಒರೆಸಿ, ನನ್ನ ಕಡೆ ನೋಡದೆ ಮುಂದಿನವರ ಹೆಸರು ಕರೆದರು. ನಾನು ಚೀಲ ತೆಗೆದುಕೊಂಡು ಹೊರಗೆ ಬಂದೆ. ಅಳು ಬಂದಿತ್ತು, ಜೊತೆಗೆ ಒಂದು ಸಮಾಧಾನವೂ ಇತ್ತು. ದೇಶನೂರು, ಕುರುಗೋಡು ಉಳಿದಿವೆ, ಏಳು ವರ್ಷದ ಅಂಕಿ ಇದೆ, ಫಿನ್ಲೆಂಡಿನ ಪಕ್ಕ ಅವನ್ನೇ ಇಟ್ಟು ಮತ್ತೆ ಬರೆಯುತ್ತೇನೆ ಅಂದುಕೊಂಡೆ.

ಕೊಟ್ಟೂರಪ್ಪ ಹಿಂದೆಯೇ ಬಂದ. ಬೇವಿನ ಮರದ ಕೆಳಗೆ ನನ್ನನ್ನು ನಿಲ್ಲಿಸಿದ.

"ಮೇಡಮ್ಮಾರ, ಅಷ್ಟು ಮಂದಿ ಮುಂದ ನನ್ನ ಮರ್ಯಾದಿ ಉಳಿಸಿದ್ರಿ. ನಿಮಗ ಸುಳ್ಳು ಹೇಳಾಕ ಆಗವಲ್ದು. ನನ್ನ ಅಂಕಿ ತಗೋಬ್ಯಾಡ್ರಿ."

"ಯಾಕ್ರಿ?"

"ನೀವು ಅವತ್ತು ಚಾರ್ಟ್ ತೋರಿಸಿ ಹೋದ್ರಲ್ಲ. ದೊಡ್ಡವರ ಅಂಕಿಗಿ ಕೂಡಲಿಲ್ಲಂದ್ರ ನಂದ ತಪ್ಪು ಇರಬೇಕು ಅಂದ್ಕೊಂಡ್ನಿ. ಕ್ಯಾಲೆಂಡರ್ ನೋಡಿ, ದ್ವಾದಶಿ ಬಂತಂದ್ರ ಹಗಲಿಗಿ ಅರ್ಧ ಡಿಗ್ರಿ ಕೂಡಿಸಿ, ರಾತ್ರಿಗಿ ಅರ್ಧ ಕಳದು ಬರ್ಯಾಕ ಹತ್ತಿದ್ನಿ. ಆಮ್ಯಾಲ ನೀವು ಫೋನ್ ಮಾಡಿ, ಪೆಟ್ಟಿಗಿ ಸರಿಸಿದ ಮ್ಯಾಲ ಭಾಳ ಚಲೋ ಆಗೇತಿ ಅಂದ್ರಿ."

ಹೌದು, ಅಂದಿದ್ದೆ; ಪೆಟ್ಟಿಗೆ ಸರಿಸಿದ ಮೇಲೆ ಅಲ್ಲೂ ಅಲೆ ಕಂಡಿತ್ತು. ಗುರುವಾರದಿಂದ ಬರೀ ಸಿಟ್ಟಿನಲ್ಲೇ ಇದ್ದ ನನಗೆ, ಮಡಿಯಿಲ್ಲದ ದೇಶನೂರಿನಲ್ಲಿ ಆ ಅಲೆ ಹೇಗೆ ಬಂತು ಎಂದು ಯೋಚಿಸಲು ಪುರುಸೊತ್ತಾಗಿರಲಿಲ್ಲ.

"ಯಾವಾಗಿಂದ ಹಂಗ ಬರೀತೀರಿ?" ಎಂದು ಕೇಳಿದೆ.

"ನೀವು ಮಜ್ಜಿಗಿ ಕುಡೀದ ಹೋದ್ರಲ್ಲ, ಅದರ ಮರುದಿನದಿಂದ."